ನಿಮ್ಮ ಅಪ್ಪಾಜಿಗೆ ಹೇಳು

"ಬುದ್ಧಿ, ನನ್ನ ಮಗ ಮೊಬೈಲ್ ಬಿಡುವುದಿಲ್ಲ. ಏನು ಮಾಡಿದರೆ ಬಿಡಿಸಬಹುದು?" ಎಂದು ಕೊಟ್ರೇಶ ಕೇಳಿದ.

ಕೊಟ್ರೇಶ ಔಷಧಿ ಅಂಗಡಿ ಇಟ್ಟುಕೊಂಡವನು. ಭಾನುವಾರ ಮುಂಜಾನೆ ಮಠಕ್ಕೆ ಬಂದು ಗುರುಗಳ ಎದುರು ಸ್ವಲ್ಪ ಹೊತ್ತು ಕೂತು ಹೋಗುವುದು ಅವನ ರೂಢಿ. ಹನ್ನೆರಡು ವರ್ಷದಿಂದ ಬರುತ್ತಿದ್ದರೂ ಹೆಚ್ಚು ಪ್ರಶ್ನೆ ಕೇಳಿದವನಲ್ಲ. ಅವತ್ತು ಮಾತ್ರ ಕೂರುವ ಮೊದಲೇ ಕೇಳಿದ. ಹುಡುಗನಿಗೆ ಹದಿನಾಲ್ಕು ವರ್ಷ. ಶಾಲೆಯಿಂದ ಬಂದವನು ಬೆನ್ನಿನ ಚೀಲ ಇಳಿಸುವ ಮೊದಲೇ ಆಟ ತೆರೆಯುತ್ತಾನೆ. ಕೂಗಿದರೆ ಕೇಳಿಸುವುದಿಲ್ಲ. ಬೈದದ್ದಾಯಿತು, ರಮಿಸಿದ್ದಾಯಿತು, ಮನೆಯ ಇಂಟರ್ನೆಟ್ ತೆಗೆಸಿದ್ದೂ ಆಯಿತು. ಪಕ್ಕದ ಮನೆಯ ಗೋಡೆಗೆ ಒರಗಿ ನಿಂತು ಅವರ ವೈಫೈ ಹಿಡಿದು ಆಡಿದ. ಇದನ್ನೆಲ್ಲ ಕೊಟ್ರೇಶ ಒಂದೇ ಉಸಿರಿನಲ್ಲಿ ಹೇಳಿದ.

ಗುರುಗಳು ಉಪದೇಶ ಮಾಡಲಿಲ್ಲ. ಕೂರು ಎಂದರು. ಅವನು ಕೂತ ಮೇಲೆ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ರುದ್ರಮುನಿ ಎಂದು ಹೆಸರು. ಮುಂದೆ ಅಂಗಡಿ, ಹಿಂದೆ ಮನೆ. ಮದುವೆಗೆ, ಗೃಹಪ್ರವೇಶಕ್ಕೆ ಉಡುಗೊರೆ ಕೊಡುವವರು ಅವನ ಅಂಗಡಿಗೇ ಬರುತ್ತಿದ್ದರು. ಕೊಟ್ಟವರ ಹೆಸರನ್ನು ಪಾತ್ರೆಯ ಮೇಲೆ ಅವನೇ ಕೊರೆದು ಕೊಡುತ್ತಿದ್ದ. ಅಕ್ಷರ ದುಂಡಗೆ ಬರುತ್ತಿತ್ತು. ಕೈ ಚುರುಕು, ಮಾತು ಕಡಿಮೆ. ಹೆಂಡತಿ ವಿಶಾಲಾಕ್ಷಿ. ಅವಳು ಮಾತಿನವಳು. ಅವನು ಆಡದೆ ಉಳಿಸಿದ್ದನ್ನೆಲ್ಲ ಅವಳು ಆಡುತ್ತಾಳೆ ಎಂದು ನೆಂಟರು ನಗುತ್ತಿದ್ದರು. ಒಬ್ಬಳೇ ಮಗಳು, ಭೂಮಿಕಾ. ಓದಿನಲ್ಲಿ ಮುಂದೆ, ಆಟದಲ್ಲೂ ಮುಂದೆ. ಶಾಲೆಯಿಂದ ಬಂದರೆ ಅಂಗಡಿಯಲ್ಲಿ ಅರ್ಧ ಗಂಟೆ ಅಪ್ಪನ ಹತ್ತಿರ, ಅಡುಗೆಮನೆಯಲ್ಲಿ ಅರ್ಧ ಗಂಟೆ ಅಮ್ಮನ ಹತ್ತಿರ, ಅವತ್ತಿನದೆಲ್ಲ ಹೇಳಿ ಮುಗಿಸಿದ ಮೇಲೇ ಕೈಕಾಲು ತೊಳೆಯುತ್ತಿದ್ದಳು.

ಭೂಮಿಕಾ ಏಳನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ವಿಶಾಲಾಕ್ಷಿಯ ತಮ್ಮನ ಮದುವೆ ಗೊತ್ತಾಯಿತು. ಕರೆಯಲು ತಮ್ಮ ತಾನೇ ಬರಲಿಲ್ಲ. ಲಗ್ನಪತ್ರಿಕೆಯನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದ. ಅವನಿಗೆ ಓಡಾಟ ಹೆಚ್ಚಾಗಿತ್ತು. ಅಕ್ಕನ ಮನೆಯಲ್ಲವೇ ಎಂಬ ಸಲಿಗೆಯೂ ಇತ್ತು. ರುದ್ರಮುನಿಗೆ ಅದು ನಾಟಿತು. ಮನೆಯ ಅಳಿಯನನ್ನು ಕಂಡಕ್ಟರ್ ಕೈಯಲ್ಲಿ ಹೇಳಿ ಕರೆಸುತ್ತಾರೆಯೇ ಎಂದ. ವಿಶಾಲಾಕ್ಷಿ ತಮ್ಮನ ಪರವಾಗಿ ಎರಡು ಮಾತು ಹೇಳಿದಳು. ಅದು ಇನ್ನಷ್ಟು ನಾಟಿತು. ಅವನು ಮದುವೆಗೆ ಹೋಗಲಿಲ್ಲ.

ಅವಳು ಮಗಳನ್ನು ಕರೆದುಕೊಂಡು ಹೋದಳು. ಅಲ್ಲಿ ಎದುರಾದವರೆಲ್ಲ ಯಜಮಾನರು ಎಲ್ಲಿ ಎಂದು ಕೇಳಿದರು. ಅವರಿಗೆ ಜ್ವರ ಎಂದಳು. ಮದುವೆಯ ಎರಡು ದಿನವೂ ಬಂದ ನೆಂಟರಿಗೆಲ್ಲ ಜ್ವರ, ಜ್ವರ ಎಂದು ಹೇಳಿ ಹೇಳಿ ಸಾಕಾಗಿ ಮನೆಗೆ ಬಂದಳು.

ಜ್ವರದ ಮಾತು ಮಗಳಿಂದ ರುದ್ರಮುನಿಯ ಕಿವಿಗೆ ಬಿತ್ತು. ಆದರೂ ಮದುವೆ ಹೇಗಾಯಿತು ಎಂದು ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಅವನು ಕೇಳಲಿ ಎಂದು ಅವಳು ಕಾದಳು. ಅವಳು ಹೇಳಲಿ ಎಂದು ಅವನು ಕಾದ. ಒಂದು ದಿನ ಹೋಯಿತು, ಒಂದು ವಾರ ಹೋಯಿತು, ಶ್ರಾವಣವೂ ಬಂದು ಹೋಯಿತು. ಯಾರೂ ಬೈಯಲಿಲ್ಲ, ಯಾರೂ ತಟ್ಟೆ ಎತ್ತಿ ಹಾಕಲಿಲ್ಲ, ಅವಳು ತವರಿಗೆ ಹೋಗಲಿಲ್ಲ. ಹೊತ್ತಿಗೆ ಸರಿಯಾಗಿ ಅಡುಗೆ ಆಗುತ್ತಿತ್ತು, ಹೊತ್ತಿಗೆ ಸರಿಯಾಗಿ ಸಾಮಾನು ಬರುತ್ತಿತ್ತು. ಮಾತು ಮಾತ್ರ ನಿಂತುಹೋಯಿತು. ನೋಡಿದವರಿಗೆ ಅದು ಜಗಳ ಎಂದು ಗೊತ್ತಾಗುವಂತಿರಲಿಲ್ಲ.

ಇಬ್ಬರ ನಡುವೆ ಮಗಳಿದ್ದಳು.

"ಭೂಮಿ, ನಿಮ್ಮ ಅಪ್ಪಾಜಿಗೆ ಹೇಳು, ಊಟಕ್ಕಾಗಿದೆ" ಎಂದು ಅಡುಗೆಮನೆಯಿಂದ ಮಾತು ಹೊರಡುತ್ತಿತ್ತು. ನಾಳೆ ಸಾಮಾನು ತರಲು ಹೋಗುತ್ತೇನೆ, ಬರುವುದು ಸಂಜೆಯಾಗುತ್ತದೆ ಎಂದು ನಿಮ್ಮ ಅಮ್ಮನಿಗೆ ಹೇಳು ಎಂದು ಅಂಗಡಿಯಿಂದ ಮಾತು ಹೊರಡುತ್ತಿತ್ತು. ಗ್ಯಾಸ್ ಮುಗಿದದ್ದು, ನೆಂಟರು ಬರುವುದು, ನಲ್ಲಿ ಸೋರುವುದು, ಎಲ್ಲವನ್ನೂ ಭೂಮಿಕಾಳೇ ಒಯ್ಯಬೇಕು, ಅವಳೇ ತರಬೇಕು. ಅಡುಗೆಮನೆಯಿಂದ ಅಂಗಡಿಗೆ ಹದಿನೆಂಟು ಹೆಜ್ಜೆ. ದಿನಕ್ಕೆ ಎಷ್ಟು ಸಲ ಓಡಾಡಿದಳೋ ಯಾರೂ ಎಣಿಸಿದವರಿಲ್ಲ.

ಹುಡುಗಿ ಜಾಣೆ. ಮಾತನ್ನು ಇದ್ದ ಹಾಗೆ ಒಯ್ಯುತ್ತಿರಲಿಲ್ಲ. ಬೇಕಾದರೆ ಉಣ್ಣಲಿ, ಬೇಡವಾದರೆ ಬಿಡಲಿ ಎಂದು ಅಮ್ಮ ಹೇಳಿದರೆ, ಅಪ್ಪಾಜಿ, ಅಮ್ಮ ನಿಮಗೋಸ್ಕರ ಕಾಯ್ತಿದಾರೆ ಎಂದು ಇಲ್ಲಿ ಬಂದು ಹೇಳುತ್ತಿದ್ದಳು. ಪಲ್ಯಕ್ಕೆ ಉಪ್ಪು ಹಾಕುವುದೂ ಮರೆತುಹೋಯಿತೇ ಎಂದು ಅಪ್ಪ ಕೇಳಿದರೆ, ಅಪ್ಪಾಜಿ ಇನ್ನೊಂಚೂರು ಪಲ್ಯ ಕೇಳಿದ್ರು, ಬರುವಾಗ ಉಪ್ಪೂ ತಗೊಂಡು ಬಾ ಅಂದ್ರು ಎಂದು ಅಲ್ಲಿ ಹೋಗಿ ಹೇಳುತ್ತಿದ್ದಳು. ದಾರಿಯಲ್ಲಿ ಮಾತಿನ ಮುಳ್ಳು ಕಿತ್ತು ಒಯ್ಯುವುದು ಅವಳಿಗೆ ಅಭ್ಯಾಸವಾಯಿತು. ಇದರಿಂದ ಒಂದು ತೊಂದರೆಯೂ ಆಯಿತು. ಹೆಂಡತಿಯ ಮನಸ್ಸು ಇಷ್ಟು ಮೆತ್ತಗಿದ್ದರೆ ನನ್ನ ಎದುರಿಗೇ ಬಂದು ಹೇಳಬಹುದಲ್ಲ ಎಂದು ರುದ್ರಮುನಿ ಅಂದುಕೊಂಡ. ವಿಶಾಲಾಕ್ಷಿಯೂ ಹಾಗೇ ಅಂದುಕೊಂಡಳು. ಇಬ್ಬರೂ ಕೂತಲ್ಲೇ ಕೂತರು.

ಎಂಟನೆಯ ತರಗತಿ ಹೀಗೇ ಕಳೆಯಿತು. ಒಂಬತ್ತನೆಯದರಲ್ಲಿ ಟ್ಯೂಷನ್ನಿನವರು ಪಾಠವನ್ನು ಮೊಬೈಲಿಗೆ ಕಳಿಸುತ್ತೇವೆ ಎಂದರು. ರುದ್ರಮುನಿ ಮಗಳಿಗೆ ಫೋನ್ ಕೊಡಿಸಿದ. ಪಾಠದ ಜೊತೆಗೆ ಆಟವೂ ಬಂತು.

ಅದು ನಾಲ್ಕು ಜನ ತಂಡ ಕಟ್ಟಿಕೊಂಡು ಆಡುವ ಆಟ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಒಬ್ಬರಿಗೊಬ್ಬರು ಮಾತಾಡುತ್ತ ಆಡಬೇಕು. ಬಲಕ್ಕೆ ಬಾ, ನನ್ನ ಹಿಂದೆ ನಿಲ್ಲು, ಹುಷಾರು, ಮುಂದೆ ಹೋಗಬೇಡ. ಹೇಳಬೇಕಾದವರು ಹೇಳಬೇಕಾದವರಿಗೇ ಹೇಳುತ್ತಿದ್ದರು. ಯಾರ ಮಾತನ್ನೂ ಯಾರಿಗೂ ಒಯ್ಯಬೇಕಿರಲಿಲ್ಲ. ಭೂಮಿಕಾಳಿಗೆ ಅದು ಬಹಳ ಹಿಡಿಸಿತು. ಮೊದಲು ಅರ್ಧ ಗಂಟೆ ಆಡಿದಳು, ಆಮೇಲೆ ಒಂದು ಗಂಟೆ. ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ಶಾಲೆಯಿಂದ ಬಂದವಳು ಮಹಡಿಯ ಮೆಟ್ಟಿಲಿನ ಮೇಲೆ ಕೂತರೆ ಊಟದವರೆಗೂ ಏಳುತ್ತಿರಲಿಲ್ಲ. ಅಂಗಡಿಯ ಅರ್ಧ ಗಂಟೆ ನಿಂತಿತು. ಅಡುಗೆಮನೆಯ ಅರ್ಧ ಗಂಟೆಯೂ ನಿಂತಿತು.

ಮನೆಯಲ್ಲಿ ಮೊದಲು ಕೆಟ್ಟದ್ದು ಊಟ. ಭೂಮಿ, ನಿಮ್ಮ ಅಪ್ಪಾಜಿಗೆ ಹೇಳು ಎಂದು ವಿಶಾಲಾಕ್ಷಿ ಕೂಗುತ್ತಿದ್ದಳು. ಮೆಟ್ಟಿಲಿನ ಮೇಲಿದ್ದವಳಿಗೆ ಕೇಳಿಸುತ್ತಿರಲಿಲ್ಲ. ರುದ್ರಮುನಿ ಅಂಗಡಿಯಲ್ಲಿ ಹಸಿದು ಕೂತಿರುತ್ತಿದ್ದ. ಅಡುಗೆಮನೆಯಲ್ಲಿ ಸಾರು ಆರುತ್ತಿತ್ತು. ಒಂದು ದಿನ ಅವನೇ ಎದ್ದು ಬಂದು ಅಡುಗೆಮನೆಯ ಬಾಗಿಲಿನಲ್ಲಿ ನಿಂತ. ಅವಳು ತಟ್ಟೆ ಹಾಕಿದಳು. ಇಬ್ಬರೂ ಮೊಬೈಲನ್ನು ಶಪಿಸಿದರು, ಆದರೆ ಒಬ್ಬೊಬ್ಬರೇ, ಮನಸ್ಸಿನಲ್ಲೇ.

ಅರ್ಧವಾರ್ಷಿಕ ಪರೀಕ್ಷೆ ಆಯಿತು. ಶಾಲೆಯಿಂದ ತಂದೆತಾಯಿ ಇಬ್ಬರೂ ಬರಬೇಕು ಎಂದು ಹೇಳಿಕಳಿಸಿದರು. ಹೋದರು. ಮುಖ್ಯೋಪಾಧ್ಯಾಯಿನಿ ಗಣಿತದ ಉತ್ತರ ಪತ್ರಿಕೆ ತೆಗೆದು ಮುಂದಿಟ್ಟರು. ಅದರಲ್ಲಿ ಭೂಮಿಕಾಳ ಹೆಸರು ಮತ್ತು ನಂಬರು ಬಿಟ್ಟರೆ ಇನ್ನೇನೂ ಇರಲಿಲ್ಲ. ಮಗು ಹೀಗೆ ಬರೆಯುವವಳಲ್ಲ, ಮನೆಯಲ್ಲಿ ಏನಾದರೂ ತೊಂದರೆ ಇದೆಯೇ ಎಂದು ಅವರು ಕೇಳಿದರು. ಏನೂ ಇಲ್ಲ ಎಂದು ಗಂಡ ಹೆಂಡತಿ ಒಟ್ಟಿಗೇ ಹೇಳಿದರು. ಮೊಬೈಲ್ ಒಂದು ಬಿಟ್ಟರೆ ಎಂದು ಸೇರಿಸಿದರು.

ಬರುವಾಗ ಒಂದೇ ಆಟೋದಲ್ಲಿ ಕೂತರು. ಅರ್ಧ ದಾರಿಯವರೆಗೆ ಮಾತಿಲ್ಲ. ಆಮೇಲೆ ವಿಶಾಲಾಕ್ಷಿ ರಸ್ತೆಯ ಕಡೆ ನೋಡುತ್ತಲೇ ಹೇಳಿದಳು:

"ಫೋನ್ ಕೊಡಿಸಿದ್ದು ನೀವು."

"ಬೇಡ ಅಂತ ನೀನೂ ಹೇಳಲಿಲ್ಲ" ಎಂದ ರುದ್ರಮುನಿ.

ಎರಡು ವರ್ಷದ ಮೇಲೆ ಅವರು ನೇರವಾಗಿ ಆಡಿಕೊಂಡ ಮೊದಲ ಮಾತು ಅದು. ಅದು ಇಬ್ಬರಿಗೂ ಆಗ ಹೊಳೆಯಲಿಲ್ಲ. ಮಗಳ ಚಿಂತೆ ಅಷ್ಟಿತ್ತು. ಆಟೋ ಮನೆಯ ಮುಂದೆ ನಿಂತ ಮೇಲೂ ಬಾಗಿಲಲ್ಲೇ ನಿಂತು ಮಾತಾಡಿದರು.

ಅವತ್ತಿನಿಂದ ಸಂಜೆ ಆದರೆ ಅಡುಗೆಮನೆಯಲ್ಲಿ ಸಮಾಲೋಚನೆ. ಅವಳು ರೊಟ್ಟಿ ತಟ್ಟುತ್ತಿದ್ದಳು, ಅವನು ಸ್ಟೂಲ್ ಎಳೆದುಕೊಂಡು ಕೂರುತ್ತಿದ್ದ. ಇವತ್ತು ಎಷ್ಟು ಹೊತ್ತು ಆಡಿದಳು, ಊಟ ಎಷ್ಟು ಮಾಡಿದಳು, ಪುಸ್ತಕ ತೆರೆದಳೋ ಇಲ್ಲವೋ, ಎಲ್ಲ ವರದಿಯಾಗುತ್ತಿತ್ತು. ಒಂದು ವಾರ ಚಾರ್ಜರನ್ನು ಅಕ್ಕಿಯ ಡಬ್ಬಿಯಲ್ಲಿ ಹುಗಿದಿಟ್ಟರು. ಭೂಮಿಕಾ ಗೆಳತಿಯ ಚಾರ್ಜರ್ ತಂದಳು. ಸಿಮ್ ತೆಗೆದಿಟ್ಟರು. ಅವಳು ಅಂಗಡಿಯ ಇಂಟರ್ನೆಟ್ ಹಿಡಿದಳು. ರುದ್ರಮುನಿ ಅದರ ಪಾಸ್‌ವರ್ಡ್ ಬದಲಾಯಿಸಲು ಹೋಗಿ, ಬದಲಾಯಿಸಿದ್ದು ಏನೆಂದು ತಾನೇ ಮರೆತು, ಎರಡು ದಿನ ಬಿಲ್ಲು ಮಾಡಲಾಗದೆ ಗಿರಾಕಿಗಳ ಎದುರು ಪರದಾಡಿದ. ಇದನ್ನು ಅವನು ಸ್ಟೂಲಿನ ಮೇಲೆ ಕೂತು ಹೇಳಿದಾಗ ವಿಶಾಲಾಕ್ಷಿ ನಕ್ಕಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಅವನು ಅವಳ ಮುಖ ನೋಡಿ ತಾನೂ ನಕ್ಕ.

ಆಮೇಲಿನಿಂದ ಅವನು ಅಂಗಡಿಯ ಬಾಗಿಲನ್ನು ಅರ್ಧ ಗಂಟೆ ಮೊದಲೇ ಎಳೆಯತೊಡಗಿದ. ಮಗಳ ವಿಷಯ ಗಂಭೀರವಾಗಿದೆ, ಅದಕ್ಕೇ ಎಂದು ತನಗೆ ತಾನೇ ಹೇಳಿಕೊಂಡ. ಅವಳು ರೊಟ್ಟಿಗೆ ಕೂರುವ ಮೊದಲು ಎರಡು ಲೋಟ ಚಹಾ ಮಾಡಿಡತೊಡಗಿದಳು. ಅವಳೂ ಹಾಗೇ ಹೇಳಿಕೊಂಡಿರಬೇಕು.

ಒಂದು ದಿನ ಮಾತಾಡುತ್ತ ಮಾತಾಡುತ್ತ ವಿಶಾಲಾಕ್ಷಿ ಅತ್ತುಬಿಟ್ಟಳು. ಹುಡುಗಿಯ ಗತಿ ಏನಾಗುತ್ತದೋ ಎಂದಳು. ಅಳು ಮೆಟ್ಟಿಲಿನವರೆಗೂ ಕೇಳಿಸಿತು. ಭೂಮಿಕಾ ಇಳಿದು ಬಂದು ಫೋನನ್ನು ಅಮ್ಮನ ಮುಂದಿಟ್ಟಳು. ಇನ್ನು ಆಡುವುದಿಲ್ಲ ಎಂದಳು. ಯಾರೂ ಬಲವಂತ ಮಾಡಿರಲಿಲ್ಲ. ಹೇಳಿದ ಹಾಗೆ ನಡೆದುಕೊಂಡಳು. ಒಂದು ದಿನ, ಎರಡು ದಿನ, ಹದಿನೈದು ದಿನ ಫೋನ್ ಬೀರುವಿನೊಳಗೇ ಇತ್ತು. ಹುಡುಗಿ ಪುಸ್ತಕ ಹಿಡಿದು ಕೂತಳು.

ರುದ್ರಮುನಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಸಂಜೆ ರೂಢಿಯಂತೆ ಅಡುಗೆಮನೆಗೆ ಹೋದ. ಓದುತ್ತಿದ್ದಾಳೆ ಎಂದ. ಹೌದು ಎಂದಳು. ಅದಾದ ಮೇಲೆ ಹೇಳಲು ಏನೂ ಇರಲಿಲ್ಲ. ಸ್ವಲ್ಪ ಹೊತ್ತು ಕೂತು ಎದ್ದು ಬಂದ. ಮರುದಿನ ಏನು ಹೇಳಲು ಹೋಗುವುದು ಎಂದು ಹೋಗಲಿಲ್ಲ. ಅವನು ಬರಲಿಲ್ಲವೆಂದು ಅವಳು ಚಹಾ ಮಾಡಲಿಲ್ಲ. ಚಹಾ ಮಾಡಲಿಲ್ಲವೆಂದು ಅವನು ಅದರ ಮರುದಿನವೂ ಹೋಗಲಿಲ್ಲ. ಸ್ಟೂಲಿನ ಮೇಲೆ ಈರುಳ್ಳಿ ಬುಟ್ಟಿ ಬಂದು ಕೂತಿತು. ಅಂಗಡಿಯ ಬಾಗಿಲು ಹಳೆಯ ಹೊತ್ತಿಗೇ ಮುಚ್ಚತೊಡಗಿತು.

ಹದಿನಾರನೆಯ ದಿನ ಒಳಗಿನಿಂದ ಕೂಗು ಕೇಳಿಸಿತು: ಭೂಮಿ, ನಿಮ್ಮ ಅಪ್ಪಾಜಿಗೆ ಹೇಳು, ಊಟಕ್ಕಾಗಿದೆ.

ಭೂಮಿಕಾ ಬಂದು ಹೇಳಿದಳು. ಅವಳ ಮುಖ ಸಪ್ಪಗಿತ್ತು. ಓದಿ ದಣಿದಿದ್ದಾಳೆ ಎಂದು ರುದ್ರಮುನಿ ಅಂದುಕೊಂಡ.

ಮರುದಿನ ಸಂಜೆ ಹುಡುಗಿ ಬೀರು ತೆರೆದು ಫೋನ್ ತೆಗೆದುಕೊಂಡು ಮತ್ತೆ ಮೆಟ್ಟಿಲಿನ ಮೇಲೆ ಕೂತಳು. ಕಿವಿಗೆ ಇಯರ್‌ಫೋನ್, ಕೈಯಲ್ಲಿ ಫೋನ್, ಹೆಬ್ಬೆರಳು ಓಡುತ್ತಿತ್ತು. ಮೊದಲಿಗಿಂತ ಜೋರಾಯಿತು. ಶಾಲೆಗೆ ಹೋಗುವುದಿಲ್ಲ, ಆಟ ಅರ್ಧಕ್ಕೆ ನಿಂತಿದೆ ಎಂದು ಬೆಳಗ್ಗೆಯೇ ಹೇಳುತ್ತಿದ್ದಳು. ಆಗ ಪೂರ್ವಸಿದ್ಧತಾ ಪರೀಕ್ಷೆಗಳು ನಡೆಯುತ್ತಿದ್ದವು. ಎರಡು ಪರೀಕ್ಷೆಗೆ ಹೋಗಲಿಲ್ಲ. ಹಾಜರಿ ಹೀಗೇ ಬಿದ್ದರೆ ಕೊನೆಯ ಪರೀಕ್ಷೆಗೆ ಕೂರಿಸುವುದು ಕಷ್ಟ ಎಂದು ಶಾಲೆಯಿಂದ ಮತ್ತೆ ಹೇಳಿಕಳಿಸಿದರು. ಈರುಳ್ಳಿ ಬುಟ್ಟಿ ಕೆಳಗಿಳಿಯಿತು. ರುದ್ರಮುನಿ ಮತ್ತೆ ಸ್ಟೂಲಿನ ಮೇಲೆ ಕೂತ. ಗಂಡ ಹೆಂಡತಿ ಹೊತ್ತು ಹೋದದ್ದು ತಿಳಿಯದೆ ಮಾತಾಡಿದರು. ಡಾಕ್ಟರಿಗೆ ತೋರಿಸೋಣವೇ, ಹಾಸ್ಟೆಲಿಗೆ ಹಾಕೋಣವೇ ಎಂದರು. ಹಾಸ್ಟೆಲ್ ಎಂಬ ಮಾತು ಇಬ್ಬರಿಗೂ ಹಿಡಿಸಲಿಲ್ಲ. ಆ ಮಾತನ್ನು ಅಲ್ಲಿಗೇ ಬಿಟ್ಟರು.

ಮೂರನೆಯ ಪರೀಕ್ಷೆಯ ದಿನವೂ ಭೂಮಿಕಾ ಮನೆಯಲ್ಲೇ ಉಳಿದಳು. ಸಾಮಾನು ತರಲು ಹೋಗಿದ್ದ ರುದ್ರಮುನಿಗೆ ಅದು ಗೊತ್ತಾದದ್ದು ಸಂಜೆ. ಅವನು ಸಿಟ್ಟಿನ ಮನುಷ್ಯನಲ್ಲ. ಆದರೆ ಅವತ್ತು ಅಂಗಡಿಯ ಸುತ್ತಿಗೆ ಹಿಡಿದುಕೊಂಡೇ ಒಳಗೆ ಬಂದ. ಫೋನನ್ನು ಪುಡಿ ಮಾಡಿಯೇ ಬಿಡುವುದು ಎಂದು ತೀರ್ಮಾನಿಸಿದ್ದ. ಹೆಂಡತಿ ಅಡುಗೆಮನೆಯಿಂದ ನೋಡಿದಳು, ತಡೆಯಲಿಲ್ಲ.

ಹುಡುಗಿ ಬೆನ್ನು ಮಾಡಿ ಕೂತಿದ್ದಳು. ಅವನು ಎರಡು ಮೆಟ್ಟಿಲು ಹತ್ತಿ ಕೈಯಿಂದ ಫೋನ್ ಕಿತ್ತುಕೊಂಡ. ಇಯರ್‌ಫೋನ್ ಕೂಡ ಅದರ ಜೊತೆಗೇ ಬಂತು. ಮೆಟ್ಟಿಲಿನ ಮೇಲೆ ಇಟ್ಟು ಸುತ್ತಿಗೆ ಎತ್ತಬೇಕು, ಆಗ ಕಣ್ಣು ಪರದೆಯ ಮೇಲೆ ಹೋಯಿತು. ಅಲ್ಲಿ ಆಟ ಇರಲಿಲ್ಲ. ಬರೀ ಫೋನಿನ ಮುಖಪುಟ. ಅವಳು ಆಟ ಮುಚ್ಚಿರಬೇಕು ಎಂದುಕೊಂಡು ಬೆರಳಾಡಿಸಿ ಹುಡುಕಿದ. ಆ ಆಟದ ಚಿತ್ರ ಅವನಿಗೆ ಚೆನ್ನಾಗಿ ಗೊತ್ತಿತ್ತು. ಎಲ್ಲೂ ಸಿಗಲಿಲ್ಲ. ಇಯರ್‌ಫೋನನ್ನು ತನ್ನ ಕಿವಿಗೆ ಇಟ್ಟುಕೊಂಡ. ಅದರಲ್ಲಿ ಯಾವ ಸದ್ದೂ ಇರಲಿಲ್ಲ.

ಆಟ ಎಲ್ಲಿ ಎಂದು ಕೇಳಿದ. ತೆಗೆದುಹಾಕಿದೆ ಎಂದಳು. ಯಾವಾಗ ಎಂದು ಕೇಳಿದ. ಅಮ್ಮನ ಮುಂದೆ ಫೋನ್ ಇಟ್ಟ ದಿನವೇ ಎಂದಳು.

"ಮತ್ತೆ ಇಷ್ಟು ದಿನ ಇಲ್ಲಿ ಕೂತು ಏನು ಮಾಡ್ತಿದ್ದೆ?"

ಭೂಮಿಕಾ ಮೊದಲು ಅಡುಗೆಮನೆಯ ಕಡೆ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು:

"ನೀವು ಮಾತಾಡೋದು ಇಲ್ಲಿಗೆ ಕೇಳಿಸುತ್ತೆ ಅಪ್ಪಾಜಿ. ನಾನು ಆಟ ಆಡಿದ್ರೆ ನೀವಿಬ್ರೂ ಮಾತಾಡ್ತೀರಿ. ಬಿಟ್ಟು ಓದಿದ್ರೆ ಸುಮ್ಮನಾಗಿಬಿಡ್ತೀರಿ. ನಾನು ಪರೀಕ್ಷೆಗೆ ಹೋಗದ ದಿನ ಅಮ್ಮ ನಿಮಗೆ ಎರಡು ಸಲ ಚಹಾ ಮಾಡಿದ್ರು."

ರುದ್ರಮುನಿ ಸುತ್ತಿಗೆಯನ್ನು ಪಕ್ಕಕ್ಕಿಟ್ಟ. ಮಗಳ ಪಕ್ಕದಲ್ಲಿ ಮೆಟ್ಟಿಲಿನ ಮೇಲೆ ಕೂತ. ಅವಳ ತಲೆಯ ಮೇಲೆ ಕೈಯಿಟ್ಟ. ಅವಳು ಚಿಕ್ಕವಳಿದ್ದಾಗ ಮಾಡುತ್ತಿದ್ದ ಹಾಗೆ ಅವನ ತೋಳಿಗೆ ಒರಗಿದಳು. ಬೆಳಗ್ಗೆಯಿಂದ ಏನು ತಿಂದೆ ಎಂದು ಕೇಳಿದ. ಮಧ್ಯಾಹ್ನ ಉಂಡಿದ್ದೇನೆ ಎಂದಳು. ಎದುರಿನ ಹೆಂಚಿನ ಮೇಲೆ ಬಿಸಿಲು ಇನ್ನೂ ಇತ್ತು. ಎರಡು ವರ್ಷಕ್ಕೂ ಮೇಲೆ ಈ ಹುಡುಗಿ ತಮ್ಮಿಬ್ಬರನ್ನೂ ಹೊತ್ತುಕೊಂಡು ಓಡಾಡಿದ್ದಾಳೆ, ಈಗ ತನ್ನ ಓದನ್ನೂ ತಮ್ಮ ಕೈಗೆ ಕೊಟ್ಟುಬಿಟ್ಟಿದ್ದಾಳೆ ಎಂದು ಅವನಿಗೆ ಅರ್ಥವಾಯಿತು. ಕಣ್ಣು ಒರೆಸಿಕೊಂಡು ಎದ್ದ.

ಅಡುಗೆಮನೆಗೆ ಹೋದ. ಸ್ಟೂಲಿನ ಮೇಲೆ ಕೂರಲಿಲ್ಲ. ವಿಶಾಲಾಕ್ಷಿ ಹಿಟ್ಟು ನಾದುತ್ತಿದ್ದಳು. ಫೋನ್ ಏನು ಮಾಡಿದಿರಿ ಎಂದು ಕೇಳಿದಳು. ಅದು ಇರಲಿ ಎಂದ. ಮಗಳ ವಿಷಯ ಬಿಟ್ಟು ಹೆಂಡತಿಯ ಹತ್ತಿರ ಮಾತಾಡುವುದು ಅವನಿಗೆ ಮರೆತೇ ಹೋಗಿತ್ತು. ಬಾಗಿಲಿನ ಚೌಕಟ್ಟು ಹಿಡಿದು ನಿಂತ. ಆಮೇಲೆ ಹೇಳಿದ:

"ನನಗೆ ಜ್ವರ ಬಂದಿರಲಿಲ್ಲ."

ಅವಳ ಕೈ ಹಿಟ್ಟಿನಲ್ಲೇ ನಿಂತಿತು. ಯಾವ ಜ್ವರ ಎಂದು ಅವಳು ಕೇಳಲಿಲ್ಲ.

"ಬರಬೇಕಾಗಿತ್ತು. ಬರಲಿಲ್ಲ. ನಿನ್ನನ್ನ ಅಷ್ಟು ಜನರ ನಡುವೆ ಒಬ್ಬಳನ್ನೇ ನಿಲ್ಲಿಸಿದೆ" ಎಂದ.

ಅವನು ಅಷ್ಟು ಹೇಳಿದರೆ ಅವಳು ಅತ್ತು, ಎಲ್ಲ ಅಲ್ಲಿಗೇ ಮುಗಿಯುತ್ತದೆ ಎಂದು ನೀನು ತಿಳಿದುಕೊಂಡಿರಬಹುದು, ಹಾಗೆ ಆಗಲಿಲ್ಲ ಎಂದರು ಗುರುಗಳು. ವಿಶಾಲಾಕ್ಷಿ ಜಗಳಕ್ಕೇ ನಿಂತಳು. ಎರಡು ವರ್ಷ ಒಳಗೆ ಇಟ್ಟುಕೊಂಡದ್ದನ್ನೆಲ್ಲ ತೆಗೆದಳು. ತವರಿನ ನೆಂಟರು ಏನು ಅಂದರು, ಮದುಮಗಳ ಕಡೆಯವರು ಹೇಗೆ ನೋಡಿದರು, ಆರತಿಗೆ ಜೋಡಿ ಕರೆದಾಗ ತಾನು ಎಲ್ಲಿ ಅವಿತುಕೊಂಡದ್ದು, ಒಂದನ್ನೂ ಬಿಡಲಿಲ್ಲ. ಅವನೂ ಸುಮ್ಮನಿರಲಿಲ್ಲ. ಕಂಡಕ್ಟರ್ ಕೈಯಲ್ಲಿ ಪತ್ರಿಕೆ ಬಂದ ದಿನ ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು, ಅವರ ಮುಂದೆ ತನಗೆ ಹೇಗಾಯಿತು ಎಂದು ಮೊದಲ ಸಲ ಬಾಯಿ ಬಿಟ್ಟು ಹೇಳಿದ. ಇದನ್ನು ಅವತ್ತೇ ಹೇಳಬಾರದಿತ್ತೇ ಎಂದು ಅವಳು ಕೂಗಿದಳು. ನೀನು ಕೇಳಬಾರದಿತ್ತೇ ಎಂದು ಅವನು ಕೂಗಿದ. ಹಂಚಿನ ಮೇಲೆ ಹಾಕಿದ್ದ ರೊಟ್ಟಿ ಸೀದು ಹೊಗೆ ಎದ್ದಿತು.

ಭೂಮಿಕಾ ಓಡಿ ಬಂದು ಬಾಗಿಲಿನಲ್ಲಿ ನಿಂತಳು. ಒಮ್ಮೆ ಒಬ್ಬರ ಮುಖ, ಒಮ್ಮೆ ಇನ್ನೊಬ್ಬರ ಮುಖ ನೋಡಿದಳು. ಅಪ್ಪಾಜಿ ಹಾಗಲ್ಲಮ್ಮ ಹೇಳಿದ್ದು ಎಂದು ಬಾಯಿ ತೆಗೆದಳು. ವಿಶಾಲಾಕ್ಷಿ ಅವಳ ಕಡೆ ತಿರುಗಿದಳು. ಸಿಟ್ಟೆಲ್ಲ ಗಂಡನ ಮೇಲಿತ್ತು. ಮಗಳಿಗೆ ಹೇಳುವಾಗ ದನಿ ಬೇರೆಯಾಯಿತು.

"ನೀನು ಹೋಗಿ ಓದ್ಕೋ ಪುಟ್ಟಿ. ಇದು ನಮ್ಮಿಬ್ಬರದು."

ಹುಡುಗಿ ಒಂದು ಗಳಿಗೆ ಅಲ್ಲೇ ನಿಂತಳು. ಆಮೇಲೆ ಹೋದಳು. ಕೋಣೆಯಲ್ಲಿ ಕುರ್ಚಿ ಎಳೆದ ಸದ್ದು ರುದ್ರಮುನಿಗೆ ಕೇಳಿಸಿತು. ಪುಸ್ತಕ ತೆರೆದ ಸದ್ದೂ ಕೇಳಿಸಿತು. ಗಂಡ ಹೆಂಡತಿ ದನಿ ತಗ್ಗಿಸಿ ಜಗಳ ಮುಂದುವರಿಸಿದರು. ಅದು ಅವತ್ತಿಗೆ ಮುಗಿಯಲಿಲ್ಲ. ನಾಲ್ಕೈದು ದಿನ ನಡೆಯಿತು. ನಡುನಡುವೆ ಮನೆಯ ಬೇರೆ ಮಾತೂ ಬಂತು. ಆರನೆಯ ದಿನ ಅವನು ಅವಳನ್ನು ಕರೆದುಕೊಂಡು ಮೈದುನನ ಮನೆಗೆ ಹೋದ. ಮೈದುನ ಬಾಗಿಲಿಗೆ ಬಂದು ಭಾವನ ಕೈ ಹಿಡಿದುಕೊಂಡ. ತಪ್ಪಾಯಿತು ಎಂದು ಯಾರು ಮೊದಲು ಹೇಳಿದರೋ, ಅದರ ಬಗ್ಗೆ ಅವರಲ್ಲಿ ಇವತ್ತಿಗೂ ಒಮ್ಮತವಿಲ್ಲ.

ಭೂಮಿಕಾ ಉಳಿದ ದಿನ ತಪ್ಪದೆ ಶಾಲೆಗೆ ಹೋದಳು. ಹಾಜರಿಗಾಗಿ ರುದ್ರಮುನಿ ಮುಖ್ಯೋಪಾಧ್ಯಾಯಿನಿಯ ಎದುರು ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವಳನ್ನು ಪರೀಕ್ಷೆಗೆ ಕೂರಿಸಿದರು. ಪಾಸಾದಳು. ಶಾಲೆಗೇ ಮೊದಲು ಬರುತ್ತಾಳೆ ಎಂದು ಒಂದು ಕಾಲಕ್ಕೆ ಎಲ್ಲರೂ ಅಂದಿದ್ದರು, ಅಷ್ಟೇನೂ ಬರಲಿಲ್ಲ. ಗಣಿತದಲ್ಲಿ ದಡ ಸೇರಿದಳು, ಅಷ್ಟೇ. ಕಳೆದುಕೊಂಡ ವರ್ಷ ಪೂರ್ತಿಯಾಗಿ ಮರಳಿ ಬರಲಿಲ್ಲ. ಆಟವನ್ನೂ ಅವಳು ಬಿಟ್ಟುಬಿಡಲಿಲ್ಲ. ರಜೆಯಲ್ಲಿ ಮತ್ತೆ ಹಾಕಿಕೊಂಡಳು. ಸಂಜೆ ಒಂದು ಗಂಟೆ ತಂಡದವರ ಜೊತೆ ಆಡುತ್ತಾಳೆ. ಊಟಕ್ಕೆ ಕರೆದರೆ ಎದ್ದು ಬರುತ್ತಾಳೆ. ಒಮ್ಮೊಮ್ಮೆ ಎರಡು ಸಲ ಕರೆಯಬೇಕಾಗುತ್ತದೆ.

ಗಂಡ ಹೆಂಡತಿಗೆ ಈಗಲೂ ಮುನಿಸು ಬರುತ್ತದೆ. ಬಂದರೆ ಒಂದು ದಿನ, ಹೆಚ್ಚೆಂದರೆ ಎರಡು ದಿನ. ಆ ಹೊತ್ತಿನಲ್ಲಿ ಊಟಕ್ಕಾದರೆ ವಿಶಾಲಾಕ್ಷಿ ತಾನೇ ಅಂಗಡಿಯ ಬಾಗಿಲಿಗೆ ಬರುತ್ತಾಳೆ. ಮುಖ ಆ ಕಡೆ ಮಾಡಿಕೊಂಡೇ, ಏಳ್ರೀ, ಊಟಕ್ಕಾಗಿದೆ ಎನ್ನುತ್ತಾಳೆ. ಅವನು ಏಳುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು.

ಕೊಟ್ರೇಶ ತಲೆದೂಗಿದ. ಅವನ ಮುಖ ಸ್ವಲ್ಪ ಹಗುರಾಗಿತ್ತು. ತನ್ನ ಮನೆಯ ಕತೆ ಇದಲ್ಲ ಎಂಬ ನೆಮ್ಮದಿ ಅದು.

"ಬುದ್ಧಿ, ನಮ್ಮಲ್ಲಿ ಆ ತೊಂದರೆ ಇಲ್ಲ" ಎಂದ. "ನಾನೂ ನನ್ನವಳೂ ಒಂದು ದಿನ ಮಾತು ಬಿಟ್ಟವರಲ್ಲ. ಸಂಜೆ ಅಂಗಡಿಯಿಂದ ಹೋದ ತಕ್ಷಣ ಇಬ್ಬರೂ ಕೂತು ಹುಡುಗನ ವಿಷಯ ಮಾತಾಡುತ್ತೇವೆ. ಅದು ಬಿಟ್ಟರೆ ನಮಗೆ ಬೇರೆ ಮಾತೇ ಇಲ್ಲ."

ಗುರುಗಳು ಅವನನ್ನು ಪ್ರೀತಿಯಿಂದ ನೋಡಿದರು.

"ಅವನು ನಾಳೆಯೇ ಮೊಬೈಲ್ ಬಿಟ್ಟರೆ, ಸಂಜೆ ನೀವಿಬ್ಬರೂ ಏನು ಮಾತಾಡುತ್ತೀರಿ?"